ಒಂದು ದಿನದ ಅಡಿಗೆಯವಳು

"ಏ ಬೋಸಡಿ, ಸೌಟ ಹಿಡಿ ಅಂದ್ರ ಸೌಟ ಅಷ್ಟ ಹಿಡಿ. ಗಡಿಗಿ ಮುಟ್ಟಿದಿ ಅಂದ್ರ ಕೈ ಮುರಿತೇನಿ."

ಹೊಸ್ತಿಲಾಚೆ ನಿಂತು ಬೈದವರು ಸಂಘದ ಅಧ್ಯಕ್ಷ ಹೊಳಬಸಪ್ಪನವರು. ಒಳಗೆ ಒಲೆಯ ಪಕ್ಕ ನಿಂತು ಬೈಸಿಕೊಂಡವಳು ದುರಗವ್ವ. ಆ ಅಡಿಗೆಮನೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಬಾದಾಮಿಯ ಸ್ಟೇಶನ್ ರಸ್ತೆಯ 'ಬಡವರ ಬೆಳಕು ಸೇವಾ ಸಂಘ'ದ ಬೋರ್ಡಿಂಗಿನಲ್ಲಿ ಅಂಗಳ ಗುಡಿಸುವುದು, ಕಕ್ಕಸು ತೊಳೆಯುವುದು, ಮಕ್ಕಳು ಉಂಡ ಎಂಜಲೆಲೆ ಎತ್ತುವುದು ಅವಳ ಕೆಲಸ. ಹೊಲಗೇರಿಯವಳಿಗೆ ಹಿತ್ತಲ ಕಟ್ಟೆಯ ತನಕ ಅಪ್ಪಣೆ. ಅಲ್ಲಿಂದ ಮುಂದೆ ಅಡಿಗೆಯ ಬಸಲಿಂಗವ್ವನ ರಾಜ್ಯ.

ಆದರೆ ಅಂದು ಧಾರವಾಡದಿಂದ ಸರ್ವೇ ಸಾಹೇಬರು ಬರುವವರಿದ್ದರು. ಈ ಕಡೆ ಸೇವಾ ಸಂಸ್ಥೆಗಳು ಎಷ್ಟಿವೆ, ಎಷ್ಟು ಜನರಿಗೆ ಕೆಲಸ ಕೊಟ್ಟಿವೆ, ಯಾವ ಜಾತಿಯವರಿಗೆ ಯಾವ ಕೆಲಸ ಎಂದು ಅವರು ಊರೂರು ತಿರುಗಿ ಕೇಳುತ್ತಿದ್ದರು. ಇಳಕಲ್ಲು, ಹುನಗುಂದ ಮುಗಿದಿದ್ದವು. ಹರಿಜನರ ಕೈಯಿಂದ ಅಡಿಗೆ ಮಾಡಿಸುವ ಸಂಸ್ಥೆಗೆ ದಿಲ್ಲಿಯಿಂದ ಅನುದಾನ ಸಿಗಬಹುದೆಂಬ ಸುದ್ದಿ ಮಾತ್ರ ಸಾಹೇಬರಿಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು. ಬೆಳಗಾಗುವಷ್ಟರಲ್ಲಿ ಸಂಘದಲ್ಲಿ ಸಮಾನತೆ ಬಂದುಬಿಟ್ಟಿತು. ದುರಗವ್ವ ಅಡಿಗೆಯವಳಾದಳು. ಬಸಲಿಂಗವ್ವ ಸಂಘದ ಆಸರೆಯಲ್ಲಿರುವ ಬಡ ವಿಧವೆಯಾದಳು. ಅವಳ ಗಂಡ ಗಟ್ಟಿಮುಟ್ಟಾಗಿಯೇ ಇದ್ದ, ಆದರೆ ಅನುದಾನದ ಮುಂದೆ ಗಂಡನದೇನು ಲೆಕ್ಕ. ಅಧ್ಯಕ್ಷರ ಅಳಿಯ ಕಾಶಪ್ಪ ಮೇಲ್ವಿಚಾರಕನಾದ. ಬಾಗಲಕೋಟೆಯಲ್ಲಿ ಹತ್ತಿ ವ್ಯಾಪಾರ ಮಾಡಿಕೊಂಡಿದ್ದ ಅವನಿಗೆ ಈ ನೌಕರಿಯ ವಿಷಯ ಇನ್ನೂ ಗೊತ್ತಿರಲಿಲ್ಲ.

ದುರಗವ್ವ ಈ ನಾಟಕಕ್ಕೆ ಒಪ್ಪಿದ್ದು ಮಗಳ ಸಲುವಾಗಿ. "ಹೇಳಿದಂಗ ಕೇಳಿದಿ ಅಂದ್ರ ಜೂನಿಗೆ ನಿನ್ನ ಮಗಳನ್ನ ಬೋರ್ಡಿಂಗಿಗೆ ತಗೋತೇನಿ" ಎಂದಿದ್ದರು ಹೊಳಬಸಪ್ಪ. ಬೋರ್ಡಿಂಗು ಸೇರಿದರೆ ಹುಡುಗಿಗೆ ಎರಡು ಹೊತ್ತು ಊಟ, ಪುಸ್ತಕ, ಮುಂದಿನ ಶಾಲೆ. ಇಲ್ಲದಿದ್ದರೆ ಗೌಡರ ಹೊಲದಲ್ಲಿ ಕಳೆ ಕೀಳುವುದು. ಅದಕ್ಕೇ ಅವಳು ಬಾಯಿ ಮುಚ್ಚಿಕೊಂಡು ಸೌಟು ಹಿಡಿದು ನಿಂತಿದ್ದಳು. ಅದೂ ಸಂಜೆ ಒಲೆಗೆ ಹಾಕಿ ಸುಡಲೆಂದೇ ತಂದ ಅಗ್ಗದ ಕಟ್ಟಿಗೆಯ ಸೌಟು.

ಮಧ್ಯಾಹ್ನ ಮಕ್ಕಳು ಶಾಲೆಯಲ್ಲಿದ್ದ ಹೊತ್ತಿಗೆ ಸಾಹೇಬರು ಬಂದರು. ಹೆಗಲಿಗೆ ಚೀಲ ಹಾಕಿಕೊಂಡ, ಮೈತುಂಬ ಧೂಳಾಗಿದ್ದ ಹುಡುಗ. ಅಡಿಗೆಮನೆಯ ಬಾಗಿಲಲ್ಲೇ ಮಣೆ ಹಾಕಿಸಿಕೊಂಡು ಕೂತ.

"ಅಡಿಗಿ ನೀವ ಮಾಡ್ತೀರೇನ್ರಿ?"

ಆ ಕಟ್ಟಡದಲ್ಲಿ ಅವಳಿಗೆ ಯಾರೂ 'ರಿ' ಹಚ್ಚಿ ಮಾತಾಡಿರಲಿಲ್ಲ. ದುರಗವ್ವ ಸೆರಗು ಸರಿಮಾಡಿಕೊಂಡು "ಹೂಂರಿ" ಎಂದಳು. ಹೇಳಿಕೊಟ್ಟದ್ದೂ ಅಷ್ಟೇ.

"ಎಲ್ಲಾರೂ ಇವರ ಕೈಯಾಗಿಂದ ಉಣ್ತಾರೇನ್ರಿ, ಅಧ್ಯಕ್ಷರ?"

"ನಮ್ಮಲ್ಲಿ ಜಾತಿ ಗೀತಿ ಇಲ್ರೀ." ಹೊಳಬಸಪ್ಪ ಗೋಡೆಯ ಮೇಲಿನ ಬಸವಣ್ಣನ ಪಟಕ್ಕೆ ಕೈಮುಗಿದರು. "ನಾನೂ ದಿನಾ ಈಕಿ ಕೈಯಾಗಿಂದನ ಉಣ್ತೇನಿ."

"ಬೋರ್ಡಿಂಗಿನ್ಯಾಗ ಹರಿಜನರ ಹುಡುಗ್ಯಾರು ಅದಾರ?"

"ಜಾಗಾ ಇಟ್ಟೇವ್ರಿ. ಏನ ಮಾಡೂದು, ಅವರ ಅವ್ವ ಅಪ್ಪನ ಕಳಸೂದಿಲ್ಲ. ಮಕ್ಕಳನ್ನ ಓದಿಸಬೇಕನ್ನೂ ಆಶಾನ ಇಲ್ಲ ಆ ಮಂದಿಗೆ."

ದುರಗವ್ವ ತಲೆ ಎತ್ತಿದಳು. ಹೋದ ಜೂನಿನಲ್ಲಿ, ಅದರ ಹಿಂದಿನ ಜೂನಿನಲ್ಲಿ, ಮಗಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ಇದೇ ಗೇಟಿನ ಮುಂದೆ ಸಂಜೆತನಕ ಕೂತವಳು ಅವಳು. ಜಾಗ ಇಲ್ಲ ಎಂದು ಇದೇ ಬಾಯಿ ಹೇಳಿತ್ತು. ಈ ಜೂನಿಗೂ ಅದನ್ನೇ ಹೇಳುತ್ತದೆ ಎಂದು ಅವಳಿಗೆ ಆಗ ಖಾತ್ರಿಯಾಯಿತು. ಸೌಟನ್ನು ನೆಲಕ್ಕಿಟ್ಟಳು.

"ಸಾಹೇಬ್ರ, ಮಾರಿ ಬಾಡೈತಿ. ಉಂಡಿಲ್ಲೇನ್ರಿ?"

"ಎಲ್ಲಿ ಊಟ ಬೇ ಯವ್ವಾ, ಮುಂಜಾನಿ ಬಸ್ಸು ಹತ್ತಿದಾಂವ."

"ಹಂಗಾರ ಕುಂದರ್ರಿ, ರೊಟ್ಟಿ ಬಡಿತೇನಿ. ಅಧ್ಯಕ್ಷರಿಗೂ ಒಂದು ಮಣಿ ಹಾಕ್ತೇನಿ. ದಿನಾ ನನ್ನ ಕೈಯಾಗಿಂದನ ಉಣ್ಣಾವ್ರು, ಅವರೂ ಹಸದಿರಬೇಕು."

ಹೊಳಬಸಪ್ಪನವರ ಬಣ್ಣ ಇಳಿಯಿತು. "ಇವತ್ತ ನಂದು ಸೋಮವಾರದ ಉಪಾಸ."

"ಇವತ್ತ ಮಂಗಳವಾರಲ್ರೀ" ಎಂದ ಹುಡುಗ, ಪಾಪ, ಸಹಾಯ ಮಾಡುವವನಂತೆ.

ದುರಗವ್ವ ಒಲೆ ಹೊತ್ತಿಸಿದಳು. ಹಿಟ್ಟಿನ ಡಬ್ಬಿಗೆ ಮೊಣಕೈತನಕ ಕೈ ಇಳಿಸಿದಳು. ನೀರಿನ ಕೊಡ ಬಗ್ಗಿಸಿದಳು, ಮೊಸರಿನ ಗಡಿಗೆ ಇಳಿಸಿದಳು, ಶೇಂಗಾ ಹಿಂಡಿಯ ಭರಣಿಯ ಬಾಯಿ ತೆಗೆದಳು. ಬೇಕಾದ್ದನ್ನೂ ಮುಟ್ಟಿದಳು, ಬೇಡಾದ್ದನ್ನೂ ಮುಟ್ಟಿದಳು. ಹಿತ್ತಲ ಬಾಗಿಲಲ್ಲಿ ಬಸಲಿಂಗವ್ವ "ಅಯ್ಯ ಶಿವನ" ಎಂದವಳು, ತಾನು ಬಡ ವಿಧವೆ ಎಂಬುದು ನೆನಪಾಗಿ ಬಾಯಿಗೆ ಸೆರಗು ತುರುಕಿಕೊಂಡಳು. ಅಧ್ಯಕ್ಷರು ಕಣ್ಣಲ್ಲೇ ಬೈಯುತ್ತಿದ್ದರು. ಕಣ್ಣಿನ ಬೈಗುಳ ಕಿವಿಗೆ ಕೇಳಿಸುವುದಿಲ್ಲವಾದ್ದರಿಂದ ದುರಗವ್ವ ನಿಶ್ಚಿಂತೆಯಿಂದ ರೊಟ್ಟಿ ಬಡಿದಳು.

ಎರಡು ತಾಟು ಬಂದವು. ಹುಡುಗ ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಅಧ್ಯಕ್ಷರ ತಾಟು ನೋಡಿದ. ಮೊಣಕಾಲ ಮೇಲೆ ಅವನ ಪೆನ್ನು ಇನ್ನೂ ತೆರೆದೇ ಇತ್ತು. ಹೊಳಬಸಪ್ಪ ಆ ಪೆನ್ನು ನೋಡಿದರು, ಬಸವಣ್ಣನ ಪಟ ನೋಡಿದರು, ಕಣ್ಣು ಮುಚ್ಚಿ ನುಂಗಿದರು. ತುತ್ತು ಇಳಿಯಲು ಒಂದು ತಂಬಿಗೆ ನೀರು ಬೇಕಾಯಿತು. ಆ ನೀರನ್ನೂ ಅವಳೇ ಕೊಟ್ಟಳು.

"ಇಂಥಾ ಸಂಸ್ಥಾ ನಾ ಎಲ್ಲೂ ನೋಡಿಲ್ರಿ" ಎಂದು ಬರೆದುಕೊಂಡು ಹುಡುಗ ಬಸ್ಸಿಗೆ ಹೋದ.

ಗೇಟು ಮುಚ್ಚಿದ್ದೇ ಹೊಳಬಸಪ್ಪ ಬೇವಿನ ಮರದ ಬುಡಕ್ಕೆ ಓಡಿ ಗಂಟಲಿಗೆ ಬೆರಳು ಹಾಕಿದರು. ಏನೂ ಬರಲಿಲ್ಲ. ರೊಟ್ಟಿ ಚೆನ್ನಾಗಿಯೇ ಇಳಿದಿತ್ತು.

"ಹಡಸಿ, ನನ್ನ ಕುಲಾ ಕೆಡಿಸಿದಿ. ಬಸಲಿಂಗವ್ವ, ಈಕಿ ಮುಟ್ಟಿದ್ದೆಲ್ಲಾ ಹೊರಗ ಒಗಿ. ಈಕಿನ್ನೂ ಒಗಿ."

ಗಡಿಗೆ, ಪರಾತ, ಭರಣಿ, ಹಿಟ್ಟಿನ ಡಬ್ಬಿ ಒಂದೊಂದಾಗಿ ಅಂಗಳಕ್ಕೆ ಬಿದ್ದವು. ದುರಗವ್ವ ಅವನ್ನು ಆರಿಸಿ, ಮಣ್ಣು ಒರೆಸಿ, ಅವಸರವಿಲ್ಲದೆ ಗಂಟು ಕಟ್ಟಿದಳು. ಡಬ್ಬಿ ತಲೆಯ ಮೇಲೇರಿತು.

"ಮೈಲಿಗಿ ಆದ ಸಾಮಾನ ನಾ ಒಯ್ತೇನ್ರಿ. ಜೂನಿಗೆ ಮಗಳನ್ನ ಕರಕೊಂಡ ಬರ್ತೇನಿ. ಜಾಗಾ ಇಲ್ಲ ಅಂದ್ರ ಸಂತಿ ದಿನ ಬಜಾರದಾಗ ನಿಂತು, ನೀವು ಯಾರ ರೊಟ್ಟಿ ಉಂಡೀರಿ ಅಂತ ಹೇಳ್ತೇನಿ."

ಗೇಟಿನ ಹತ್ತಿರ ಹೋದವಳು ತಿರುಗಿ ನಿಂತಳು.

"ಗಡಿಗಿ ಏನೋ ಒಗದ್ರಿ. ಆ ಹೊಟ್ಟಿ ಎಲ್ಲಿ ಒಗಿತೀರ್ರಿ, ಅಧ್ಯಕ್ಷರ?"

ಹೊಳಬಸಪ್ಪ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ರಸ್ತೆಯಲ್ಲಿ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದರು.