ತಲೆಗೆ ಎಪ್ಪತ್ತೆರಡು ಲೀಟರ್

“ಏಳನೇ ಫೇಲ್ ಆದಾವ ಕಂಪ್ಯೂಟರಿಗಿ ಪಾಠ ಹೇಳ್ಲಾಕ ಬಂದಾನ ನೋಡ್ರಿ! ಇವಗೊಂದು ಕುರ್ಚಿ ಕೊಡ್ರಪ್ಪಾ, ಮಾಸ್ತರ್ ಬಂದಾರ.”

ನೀರು ಸರಬರಾಜಿನ ಸಾಹೇಬರು ಮೈಕಿನಲ್ಲಿಯೇ ಹೇಳಿದರು. ಬೀದರಿನ ಆ ಸಭೆಗೆ ಭಾಲ್ಕಿ, ಔರಾದ ಕಡೆಯ ಪಂಚಾಯ್ತಿ ಮಂದಿಯೆಲ್ಲ ಬಂದಿದ್ದರು. ಎಲ್ಲರೂ ನಕ್ಕರು. ನಗಲು ನಾಚಿದವರು ನೀರಿನ ಬಾಟಲಿ ಬಾಯಿಗಿಟ್ಟುಕೊಂಡರು.

ನಮ್ಮೂರ ಲೆಕ್ಕ ತಪ್ಪೆಂದು ಎದ್ದು ನಿಂತಿದ್ದ ನಾನು ಕೂರಲಿಲ್ಲ. ಔರಾದ ತಾಲೂಕಿನ ನಮ್ಮ ವಾಡಿಗೆ ನಾನೇ ವಾಟರ್‌ಮನ್. ನಲ್ಲಿ ಒಣಗಿ ಎರಡು ತಿಂಗಳಾದರೂ ಹೆಸರು ಮಾತ್ರ ಹೋಗಿಲ್ಲ. ನೂರಾ ಹತ್ತು ಮನೆಗಳಲ್ಲಿ ಎಪ್ಪತ್ತಕ್ಕೆ ಬೀಗ. ಕೆಲವರು ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ, ಕೆಲವರು ಕಬ್ಬು ಕಡಿಯಲು ಹೋದರು. ಉಳಿದ ನಲವತ್ತು ಮನೆಗೆ ಒಂದೇ ಬಾವಿ. ಹೆಂಗಸರು ಹಗ್ಗ ಹಿಡಿದು ತಳಕ್ಕಿಳಿದು, ಒಸರುವ ನೀರನ್ನು ಚರಿಗೆಯಲ್ಲಿ ಬಳಿಯುತ್ತಾರೆ. ಇವತ್ತು ಟ್ಯಾಂಕರ್ ಬರೆಸಿಕೊಂಡು ಹೋಗದಿದ್ದರೆ ಆ ನಲವತ್ತಕ್ಕೂ ಬೀಗ ಬೀಳುತ್ತದೆ.

ಟ್ಯಾಂಕರ್ ಯಾವ ಊರಿಗೆ ಎಂದು ಈ ವರ್ಷ ಸಾಫ್ಟ್‌ವೇರ್ ಹೇಳುತ್ತದಂತೆ. ಜನಗಣತಿ, ಕರೆಂಟಿನ ಲೆಕ್ಕ, ಉಪಗ್ರಹದ ಚಿತ್ರ, ಹೀಗೆ ಇಡೀ ರಾಜ್ಯದ್ದನ್ನು ಅದರ ಬಾಯಿಗೆ ಹಾಕಿದರೆ, ಒಡೆದು ಒಡೆದು, ಯಾವ ಊರಿನವ ದಿನಕ್ಕೆ ಎಷ್ಟು ನೀರು ಬಳಸುತ್ತಾನೆಂದು ಉಗುಳುತ್ತದೆ. ನಲವತ್ತು ಲೀಟರಿಗಿಂತ ಕಡಿಮೆ ಬಂದರೆ ಟ್ಯಾಂಕರ್. ನಮ್ಮ ವಾಡಿಯದು ತಲೆಗೆ ಎಪ್ಪತ್ತೆರಡು ಎಂದು ಗೋಡೆಯ ಮೇಲೆ ಹೊಳೆಯುತ್ತಿತ್ತು.

“ನಮ್ಮೂರ ಎಮ್ಮಿಗೂ ಅಷ್ಟು ಸಿಗಲ್ರಿ ಸಾಹೇಬ್ರ,” ಅಂದೆ. “ಮನಿಗಿ ದಿನಕ್ಕ ಎರಡು ಕೊಡ. ಮ್ಯಾಲಿಂದ ಫೋಟೋ ತೆಗದರ ಬಾವಿ ತಳ ಕಾಣ್ತದೇನ್ರಿ? ನಿಮ್ಮ ಕಂಪ್ಯೂಟರ್ ಸೊಂಟಕ್ಕ ಹಗ್ಗ ಕಟ್ಟಿ ಕೊಡ್ರಿ, ನಾ ಇಳಸ್ತೇನಿ.”

ಈ ಸಲ ನಗು ನನ್ನ ಕಡೆ ಬಿತ್ತು. ಸಾಯಗಾಂವದ ಕಾಶೀರಾಮ ಕಾಕಾ ಚಪ್ಪಾಳೆ ತಟ್ಟಿದರು. ಅವರ ಮಗಳನ್ನು ನಮ್ಮಣ್ಣ ಮಾಣಿಕನಿಗೆ ಕೊಡುವುದು ನಿಶ್ಚಯವಾಗಿದೆ.

ಸಾಹೇಬರ ಮುಖ ಕೆಂಪಾಯಿತು. “ಬರೇ ಮ್ಯಾಲಿನ ಲೆಕ್ಕ ಅಲ್ಲಪಾ. ಊರಿಗೊಂದು ಮನಿ ಕೇಳಿ ತಿದ್ದೇವಿ. ಜಹೀರೋದ್ದೀನ, ಇವರೂರಾಗ ಯಾರನ್ನ ಕೇಳೀರಿ, ಓದ್ರಿ.”

ಕಂಪ್ಯೂಟರ್ ಮುಂದೆ ಕೂತಿದ್ದ ಜಹೀರೋದ್ದೀನ ಓದಿದ: “ಶಾಲುಬಾಯಿ. ಸ್ವಂತ ಬೋರ್. ವರ್ಷಪೂರ್ತಿ ನೀರು. ದಿನಕ್ಕ ಇಪ್ಪತ್ತು ಕೊಡ.”

ಶಾಲುಬಾಯಿ ನಮ್ಮವ್ವ.

ನಾನು ಬಾಯಿ ತೆರೆಯುವ ಮೊದಲೇ ಕಾಶೀರಾಮ ಕಾಕಾ ಎದ್ದರು. “ಖರೇ ಅದರಿ ಅದು. ಅವತ್ತ ನಾ ಅಲ್ಲೇ ಕುಂತಿದ್ದೆ. ಅಂಗಳದಾಗ ಡ್ರಮ್ ತುಂಬಿ ತುಳಕತಿತ್ತು. ಅದೇ ನೀರಾಗ ಕಾಲು ತೊಳಕೊಂಡೇನಿ. ಊರಿಗಿ ಇಲ್ಲದಿದ್ರೂ ಅವರ ಮನಿಗಿ ಅದರಿ. ಅದಕ್ಕೇ ಮಗಳು ಕೊಡ್ಲಾಕತ್ತೇನಿ.”

ಆ ಡ್ರಮ್ ತುಂಬಿದವನು ನಾನು. ಮಾಣಿಕನಿಗೆ ಮೂವತ್ನಾಲ್ಕು. ಹೊಲದಲ್ಲಿ ನೀರಿಲ್ಲವೆಂದು ಐದು ಕಡೆಯವರು ಬೇಡವೆಂದಿದ್ದರು. ನಮ್ಮ ಬೋರು ಬತ್ತಿ, ಬಾಯಿಗೆ ಕಲ್ಲು ಮುಚ್ಚಿ ಮೂರು ವರ್ಷ. ಸಾಯಗಾಂವದವರು ಮನೆ ನೋಡಲು ಬರುವ ದಿನ ಬೆಳಿಗ್ಗೆ ಮನೆಮನೆಗೆ ಹೋಗಿ ನೀರಿಗೆ ಕೈಚಾಚಿದೆ. ಯಾರೂ ಇಲ್ಲವೆನ್ನಲಿಲ್ಲ. ವಿಮಲಾಬಾಯಿ ತನ್ನ ಎರಡು ಕೊಡದಲ್ಲಿ ಒಂದನ್ನು ತಾನೇ ಹೊತ್ತು ತಂದು ಸುರಿದಳು. “ಹುಡುಗನ ಲಗ್ನ ಆಗ್ಲಿ ತಗೋ,” ಅಂದಳು. ಹೋದ ವಾರ ಆಕೆ ಬಾವಿಯಲ್ಲಿ ಜಾರಿ ಸೊಂಟ ಮುರಿದುಕೊಂಡಳು, ಔರಾದ ದವಾಖಾನೆಯಲ್ಲಿದ್ದಾಳೆ. ಅವತ್ತು ಬೀಗರು ಚಾಪೆಯ ಮೇಲೆ ಕೂತಿರುವಾಗಲೇ ಸರ್ವೇ ಹುಡುಗಿ ಬಂದು ನೀರಿನ ಮಾತು ತೆಗೆದರೆ ಅವ್ವ ಇನ್ನೇನು ಹೇಳಬೇಕಿತ್ತು?

“ಏನಪಾ, ನಿಮ್ಮವ್ವ ಸುಳ್ಳು ಹೇಳ್ಯಾಳೇನು?” ಸಾಹೇಬರು ಕೇಳಿದರು. ಈಗ ಅವರ ದನಿಯಲ್ಲಿ ಕುಹಕವಿರಲಿಲ್ಲ. “ಊರಿಗಿ ಒಂದೇ ಮನಿ ಲೆಕ್ಕ, ಅದು ಸುಳ್ಳಿದ್ರಷ್ಟೇ ತಿದ್ದಲಾಕ ಬರ್ತದ. ಹೌದಂದ್ರ ಹೌದನ್ನು. ಇಲ್ಲೇ ತಿದ್ದಸ್ತೇನಿ, ನಾಳಿಗೇ ಟ್ಯಾಂಕರ್ ಕಳಸ್ತೇನಿ.”

ಜಹೀರೋದ್ದೀನನ ಬೆರಳು ಕಾಯುತ್ತಿತ್ತು. ಕಾಶೀರಾಮ ಕಾಕಾ ಇನ್ನೂ ನಿಂತೇ ಇದ್ದರು, ನನ್ನ ಮುಖ ನೋಡುತ್ತ, ಮುಗುಳ್ನಗುತ್ತ.

ನಾನು ಕುರ್ಚಿಗಳ ಸಂದಿನಲ್ಲಿ ನುಸುಳಿ ಬಾಗಿಲ ಕಡೆ ನಡೆದೆ. ಸಾಹೇಬರು ಮತ್ತೊಮ್ಮೆ ಕೇಳಿದರು. ಗೋಡೆಯ ಮೇಲಿನ ಎಪ್ಪತ್ತೆರಡನ್ನು ಹಾಗೇ ಬಿಟ್ಟು ಹೊರಬಿದ್ದೆ.