ಒಪ್ಪುವ ಬಣ್ಣ

"ಅದು ಬೇಡ ಅಜ್ಜಿ, ಈ ನೇರಳೆದು ಹಾಕು," ಎಂದಳು ಫೆಮ್ಕೆ, ಕನ್ನಡಿಯ ಮುಂದೆ ಎರಡೂ ತೋಳು ಚಾಚಿ ನಿಂತು.

ನೀಸ್ಯಜ್ಜಿಯ ಬಾಯಿತುಂಬ ಗುಂಡುಸೂಜಿಗಳಿದ್ದವು. ಅವನ್ನು ಅಂಗೈಗೆ ತೆಗೆದುಕೊಂಡು ಮೊಮ್ಮಗಳು ತೋರಿಸಿದ ಕಡೆ ನೋಡಿದಳು. ಪೆಟ್ಟಿಗೆಯ ತಳದಲ್ಲಿದ್ದುದನ್ನು ಹುಡುಗಿ ಯಾವಾಗ ಹೊರಗೆಳೆದಳೋ.

ಮಂಚದ ಮೇಲೆ ಕೆಂಪು ಹೂವಿನ ಕ್ರಾಪ್‌ಲಾಪ್ ಸಿದ್ಧವಾಗಿತ್ತು. ಎರಡು ಹೆಗಲ ಮೇಲೂ ಹಲಗೆಯ ಹಾಗೆ ಸೆಟೆದು ನಿಲ್ಲಬೇಕಾದ ಬಟ್ಟೆ ಅದು. ಗಂಜಿ ಹಾಕಿ, ಒಣಗಿಸಿ, ಮತ್ತೆ ಗಂಜಿ ಹಾಕಿ, ಇಸ್ತ್ರಿ ತಿಕ್ಕಿ ತಿಕ್ಕಿ ಅಜ್ಜಿಯ ಮಣಿಕಟ್ಟು ಊದಿಕೊಂಡಿತ್ತು. ಮಗಳು ಕೋರಿ ಹದಿನಾರಕ್ಕೇ ಊರಿನ ಉಡುಗೆ ಬಿಟ್ಟು ಪ್ಯಾಂಟು ಹಾಕಿಕೊಂಡವಳು. ಮೊಮ್ಮಗಳಾದರೂ ತಾನಾಗಿ ಬಂದು ಕೇಳಿದಳಲ್ಲ, ಬೇಸಿಗೆಯಲ್ಲಿ ಊರಿನ ಉಡುಗೆ ತೊಡುವ ಹಬ್ಬದ ದಿನಕ್ಕಷ್ಟೇ ಆದರೂ! ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಅಜ್ಜಿ ಹಿಗ್ಗಿ ಹೋಗಿದ್ದಳು.

"ಅದು ಸಾವಾದ ಮನೆಯೋರು ಹಾಕೋದು ಕಣೇ."

"ಸಾವಿನ ಬಣ್ಣಾನಾ? ಇಷ್ಟು ಚೆನ್ನಾಗಿದೆಯಲ್ಲಾ! ನನಗೆ ಎಷ್ಟು ಒಪ್ಪುತ್ತೆ ನೋಡು."

"ನಿಮ್ಮಜ್ಜ ಹೋದಾಗ ಮೊದ್ಲು ಕಪ್ಪು ಹಾಕ್ದೆ, ಆಮೇಲೆ ಇದು. ಇದನ್ನ ಹಾಕ್ಕೊಂಡು ಬೀದಿಗೆ ಕಾಲಿಟ್ರೆ, ಯಾರೇ ಹೋದ್ರು ನಿಮ್ಮನೇಲಿ ಅಂತ ಜನ ಕೇಳ್ತಾರೆ."

"ಯಾರೂ ಕೇಳಲ್ಲ ಅಜ್ಜಿ."

"ಕೇಳ್ತಾರೆ."

"ಸರಿ, ಪಂಥ! ಒಬ್ರು ಕೇಳಿದ್ರೂ ಸಾಕು, ವಾಪಸ್ ಬಂದು ಆ ಕೆಂಪುದು ಹಾಕ್ಕೋತೀನಿ. ಸೂಜಿ ಚುಚ್ಚೋದು, ಗಂಜಿ ಹಾಕೋದು ಎಲ್ಲಾ ಕಲೀತೀನಿ. ಯಾರೂ ಕೇಳ್ಲಿಲ್ಲ ಅಂದ್ರೆ, ಕಲಿ ಕಲಿ ಅಂತ ಇನ್ಮೇಲೆ ನನ್ನ ಪ್ರಾಣ ತಿನ್ನಬಾರ್ದು."

ಅಜ್ಜಿ ನಕ್ಕಳು. ಗೆದ್ದ ಪಂಥವೇ ಎಂದುಕೊಂಡು ನೇರಳೆಯನ್ನೇ ಹುಡುಗಿಯ ಹೆಗಲಿಗೇರಿಸಿ, ಬೆನ್ನಿಗೆ ಬಿಗಿಯಾಗಿ ಸೂಜಿ ಚುಚ್ಚಿದಳು.

ಬಂದರಿನ ಬೀದಿ ಗಿಜಿಗುಡುತ್ತಿತ್ತು. ಊರ ಮುಂದಿನ ಸಮುದ್ರಕ್ಕೆ ಅಡ್ಡಗಟ್ಟೆ ಹಾಕಿ ಕೆರೆ ಮಾಡಿದ ಮೇಲೆ ದೋಣಿಗಳು ಬರೀ ನೋಡುವುದಕ್ಕೆ ಉಳಿದಿವೆ. ಅವುಗಳ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರದೇ ಸಾಲು. ಹಾವುಮೀನಿಗೆ ಹೊಗೆ ಕೊಡುತ್ತಿದ್ದ ಹಾರ್ಮನ್, "ಏನವ್ವಾ ಫೆಮ್ಕೆ, ನಿನ್ನ ಮುಂದೆ ರಾಣಿಯೂ ದಂಡ!" ಎಂದು ಕೂಗಿದ. ಅವನು ಗಂಡಸು, ಅವನಿಗೇನು ಗೊತ್ತು ಎಂದು ಅಜ್ಜಿ ಮುಂದೆ ನಡೆದಳು. ಪಾದ್ರಿಗಳು ಎದುರಾಗಿ, ದೇವರು ಒಳ್ಳೆಯ ಬಿಸಿಲು ಕೊಟ್ಟ ಎಂದು ಹೇಳಿ ಹೋದರು. ಅವರು ಹೊರಗಿನವರು, ಬಿಡು.

ಬೇಕರಿಯ ಯೋಪಿ ಮಾತ್ರ ಹೊರಗಿನವಳಲ್ಲ. ನಲವತ್ತರವರೆಗೂ ಊರಿನ ಉಡುಗೆಯಲ್ಲೇ ಇದ್ದವಳು. ಅವಳ ತಾಯಿ ಸತ್ತಾಗ ಇಂಥದ್ದೇ ನೇರಳೆಯಲ್ಲಿ ಅವಳು ರೊಟ್ಟಿ ಮಾರಿದ್ದನ್ನು ಅಜ್ಜಿ ಕಂಡಿದ್ದಳು. ಯೋಪಿ ಕೈ ಒರೆಸಿಕೊಂಡು ಹೊರಗೆ ಬಂದಳು. ಫೆಮ್ಕೆಯ ಹೆಗಲ ಬಟ್ಟೆಯನ್ನು ಎರಡು ಬೆರಳಿನಲ್ಲಿ ಮುಟ್ಟಿದಳು. ಈಗ ಕೇಳುತ್ತಾಳೆ ಎಂದುಕೊಂಡಳು ಅಜ್ಜಿ.

"ಅಬ್ಬಾ, ಎಂಥಾ ನೇರಳೆ ಕಣೇ! ನಮ್ಮನೆ ಪರದೆಗೆ ಇಂಥದ್ದನ್ನೇ ಹುಡುಕ್ತಾ ಇದ್ದೆ."

ಫೆಮ್ಕೆ ಅಜ್ಜಿಯ ಪಕ್ಕೆ ತಿವಿದು ಕಣ್ಣು ಮಿಟುಕಿಸಿದಳು. ಅವಳದು ಕೆಟ್ಟ ಮನಸ್ಸೇನಲ್ಲ. ಆದರೂ ಆ ತಿವಿತದಿಂದ ಅಜ್ಜಿಗೆ ನೋವಾಯಿತು. ಯೋಪಿಯ ಮೇಲೆ ಸಿಟ್ಟು ಬಂತು, ಆಮೇಲೆ ಸಿಟ್ಟಿಗಿಂತ ಹೆಚ್ಚಾಗಿ, ಇವಳೇ ಮರೆತಳಲ್ಲ ಎಂದು ಭಯವಾಯಿತು.

ನೀರಿನ ಅಂಚಿನ ಬೆಂಚಿನಲ್ಲಿ ಆಲ್ಟ್ಯಜ್ಜಿ ಕೂತಿದ್ದಳು. ನೀಸ್ಯಜ್ಜಿಯನ್ನು ಬಿಟ್ಟರೆ ನಿತ್ಯ ಊರಿನ ಉಡುಗೆ ಉಡುವವಳು ಆ ಓಣಿಯಲ್ಲಿ ಅವಳೊಬ್ಬಳೇ, ತೊಂಬತ್ತು ದಾಟಿದೆ. ಅಷ್ಟು ಹೊತ್ತಿಗೆ ಯಾರೋ ಪ್ರವಾಸಿಗಳು ಫೆಮ್ಕೆಯನ್ನು ದೋಣಿಯ ಬಳಿ ನಿಲ್ಲಿಸಿಕೊಂಡಿದ್ದರು. ಆಲ್ಟ್ಯಜ್ಜಿ ದೂರದಿಂದಲೇ ಹುಡುಗಿಯನ್ನು ಕಂಡಳು. ಮುಖ ಕಳೆಗುಂದಿತು. ನೀಸ್ಯಜ್ಜಿಯ ಕೈ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಯಾರು ಹೋದ್ರೇ, ನೀಸ್ಯೆ? ನನಗೆ ಹೇಳಿ ಕಳಿಸ್ಲಿಲ್ವಲ್ಲೇ."

ಕೇಳಿದರು! ಒಬ್ಬರಾದರೂ ಕೇಳಿದರು. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಹುಡುಗಿ ನಿಂತಿದ್ದಳು. ನೀಸ್ಯಜ್ಜಿ ಬಾಯಿ ತೆರೆದಳು. ಆಲ್ಟ್ಯಜ್ಜಿಯ ಕೈ ತನ್ನ ಕೈಯೊಳಗೆ ಕಡ್ಡಿಯಷ್ಟು ಹಗುರವಾಗಿತ್ತು. ಈ ಒಂದು ಬಾಯಿಯನ್ನು ಸಾಕ್ಷಿಗೆ ಕರೆದು ಪಂಥ ಗೆದ್ದು ಮಾಡುವುದಾದರೂ ಏನು? ಈ ಬಾಯಿ ಇನ್ನೆಷ್ಟು ದಿನ ಕೇಳೀತು? ಇದಾದ ಮೇಲೆ ಯಾರು ಕೇಳುತ್ತಾರೆಂದು ಹುಡುಗಿ ಗಂಜಿಯಲ್ಲಿ ಕೈ ಸುಟ್ಟುಕೊಳ್ಳಬೇಕು?

"ಯಾರೂ ಇಲ್ಲ ಆಲ್ಟ್ಯಕ್ಕಾ."

"ಮತ್ತೆ ನೇರಳೆ?"

"ಬಣ್ಣ ಒಪ್ಪುತ್ತಂತೆ."

ಆಲ್ಟ್ಯಜ್ಜಿ ಬಹಳ ಹೊತ್ತು ಹುಡುಗಿಯನ್ನೇ ನೋಡಿದಳು. ಬಯ್ಯುತ್ತಾಳೇನೋ, ಬಯ್ದರೆ ಒಳ್ಳೆಯದು ಎಂದು ನೀಸ್ಯಜ್ಜಿ ಕಾದಳು.

"ಒಪ್ಪುತ್ತೆ ಬಿಡು," ಎಂದಳು ಮುದುಕಿ.

ಸಂಜೆ ಫೆಮ್ಕೆ ಸೂಜಿ ಬಿಚ್ಚಿಸಿಕೊಂಡು, ಬೆನ್ನು ಕೆರೆದುಕೊಂಡು, ಅಜ್ಜಿಯ ಎರಡೂ ಕೆನ್ನೆಗೆ ಮುತ್ತು ಕೊಟ್ಟು ಹೊರಟಳು. "ಸೋತ್ಯಲ್ಲಾ ಅಜ್ಜಿ!" ಎಂದು ಬಾಗಿಲಿನಿಂದ ಕೂಗಿದಳು. ಸೋತೆ ಕಣೇ ಎಂದಳು ಅಜ್ಜಿ.

ಭಾನುವಾರ ಬೆಳಿಗ್ಗೆ ಅಮ್ಮನನ್ನು ಚರ್ಚಿಗೆ ಹೊರಡಿಸಲು ಕೋರಿ ಬಂದಾಗ ನೀಸ್ಯಜ್ಜಿ ಕಪ್ಪು ಲಂಗ ಉಟ್ಟು, ಹೆಗಲಿಗೆ ಕಪ್ಪು ಕ್ರಾಪ್‌ಲಾಪ್ ಹಾಕಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ಗಂಡ ತೀರಿಕೊಂಡ ವರ್ಷ ಉಟ್ಟದ್ದು. ಆಮೇಲೆ ಹೊರಗೆ ತೆಗೆದಿರಲಿಲ್ಲ. ಬೆನ್ನಿನ ಸೂಜಿ ಒಬ್ಬರ ಕೈಗೇ ಎಟುಕುವುದಲ್ಲ. ಕೋರಿ ಚೀಲ ಕೆಳಗಿಟ್ಟು ಹಿಂದೆ ಬಂದು ನಿಂತಳು. ಬಟ್ಟೆಯ ಮೇಲೆ ಅವಳ ಕೈ ಒಂದು ಗಳಿಗೆ ತಡೆಯಿತು. ಯಾರು ಹೋದರೆಂದು ಕೇಳುತ್ತಾಳೇನೋ ಎಂದು ನೀಸ್ಯಜ್ಜಿ ತಿರುಗದೆ ಕಾದಳು.

"ಕಪ್ಪೇ ಒಳ್ಳೇದಾಯ್ತಮ್ಮಾ," ಎಂದಳು ಕೋರಿ. "ಕೊಳೆ ಕಾಣಲ್ಲ."

ನೀಸ್ಯಜ್ಜಿ ಇನ್ನೊಂದು ಸೂಜಿಗೆ ಅನುಕೂಲವಾಗಲೆಂದು ತೋಳು ಮೇಲೆತ್ತಿದಳು.