ಬೀಗದಕೈ ಕೇಳಿ ಬಂದವಳು

ಬಾಗಿಲ ಮೆಟ್ಟಿಲ ಮೇಲೆ ಕೂತು ಕಡಲೆಕಾಳಿನಲ್ಲಿ ಕಲ್ಲು ಆರಿಸುತ್ತಿದ್ದೆ. ಅರ್ಧ ತಟ್ಟೆ ಮುಗಿದಿತ್ತು. ಎದುರಿನ ಸಾನ್ ಬಿತೋರೆಸ್ ಇಗರ್ಜಿಯ ಗೋಪುರಕ್ಕೆ ಕೊಕ್ಕರೆಗಳು ಆ ವಾರವಷ್ಟೇ ಮರಳಿ ಬಂದಿದ್ದವು. ಹಳೆಯ ಗೂಡಿಗೆ ಹೊಸ ಕಡ್ಡಿ ಸೇರಿಸುತ್ತ, ಬೇಡವಾದದ್ದನ್ನು ನಮ್ಮ ತಲೆಯ ಮೇಲೆ ಉದುರಿಸುತ್ತಿದ್ದವು. ಪಕ್ಕದ ಮನೆಯ ರೆಮೆ ಕುರ್ಚಿಯನ್ನು ಬಿಸಿಲಿಗೆ ಎಳೆದುಕೊಂಡು ಬಂದು ಕೂತಳು.

"ಲೇ ಲೆಯೊ, ಇವತ್ತಾದ್ರೂ ಕಣ್ಣು ಬಿಟ್ಕೊಂಡು ಆರಿಸೇ. ಹೋದ ವಾರ ನಿನ್ನ ಸಾರು ತಿಂದಾಗಿನಿಂದ ನನ್ನ ಹಲ್ಲು ಅಲ್ಲಾಡ್ತಿದೆ."

"ನಿನಗಿರೋದೇ ಎರಡು ಹಲ್ಲು. ಅದು ಅಲ್ಲಾಡಿದ್ರೆ ಕಲ್ಲಿನ ತಪ್ಪಾ?"

"ಎರಡಲ್ಲ, ಮೂರು. ರಾತ್ರಿ ಶಾಲೆಗೆ ಹೋಗಿ ಇಷ್ಟೇ ಏನು ಕಲಿತದ್ದು ನೀನು?"

ನಗುವುದಕ್ಕೆ ಆಗಲಿಲ್ಲ. ಅವತ್ತು ಹನ್ನೆರಡು ಗಂಟೆಗೆ ನಗರಸಭೆಯ ಅಬಿಲಿಯೊ ಬರುವವನಿದ್ದ. ಇಗರ್ಜಿಯ ಬೀಗದಕೈ ಕೊಟ್ಟುಬಿಡಬೇಕಿತ್ತು. ಸೋಮವಾರದಿಂದ ಅಲ್ಲಿ ಟಿಕೇಟಿನ ಕಿಟಕಿ, ಸಮವಸ್ತ್ರದ ಕಾವಲುಗಾರ.

ನಮ್ಮ ಸಮೋರಾ ಊರಿನಲ್ಲಿ ಹಳೆಯ ಇಗರ್ಜಿಗಳಿಗೆ ಬರವಿಲ್ಲ. ದೊಡ್ಡವಕ್ಕೆ ಪಾದ್ರಿಗಳಿದ್ದಾರೆ. ಸಾನ್ ಬಿತೋರೆಸಿನಂಥ ಚಿಕ್ಕದಕ್ಕೆ ಎದುರು ಮನೆಯ ಹೆಂಗಸೇ ಗತಿ. ಅಮ್ಮನ ನಂತರ ಬೀಗದಕೈ ನನಗೆ ಬಂತು, ಗೇಣುದ್ದದ ಕಬ್ಬಿಣದ್ದು. ಕಲ್ಲಿನ ಕಮಾನು ನೋಡುವುದಕ್ಕೆ ಎಲ್ಲೆಲ್ಲಿಂದಲೋ ಬರುವವರು ನನ್ನ ಬಾಗಿಲು ತಟ್ಟುತ್ತಿದ್ದರು. ಅವರು ಗುರುತಿನ ಚೀಟಿ ಕೊಡಬೇಕು, ನಾನು ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಬೀಗದಕೈ ಕೊಡಬೇಕು. ನೋಡಿ ಬಂದ ಮೇಲೆ ಅದು ಅವರಿಗೆ, ಇದು ನನಗೆ. ಅಮ್ಮನ ಕಾಲದಿಂದ ನಡೆದದ್ದು ಹೀಗೆ.

ಐವತ್ತೆಂಟು ವರ್ಷದವರೆಗೆ ನನಗೆ ಓದು ಬರುತ್ತಿರಲಿಲ್ಲ. ಹತ್ತನೇ ವಯಸ್ಸಿಗೇ ದುಯೆರೊ ನದಿಯಲ್ಲಿ ಊರಿನವರ ಬಟ್ಟೆ ಒಗೆಯಲು ಇಳಿದವಳು. ಆದರೆ ಬಂದವರ ಮುಂದೆ ಅದನ್ನು ತೋರಿಸಿಕೊಳ್ಳುತ್ತೇನೆಯೇ? ಚೀಟಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಕೈ ದೂರ ಚಾಚಿ, ತುಟಿ ಅಲ್ಲಾಡಿಸಿ, ಅರ್ಧ ಜಪ ಮುಗಿಯುವಷ್ಟು ಹೊತ್ತು ನೋಡುತ್ತಿದ್ದೆ. ಆಮೇಲೆ "ಸರಿ" ಎಂದು ತಲೆಯಾಡಿಸಿ ಡಬ್ಬಿಗೆ ಹಾಕುತ್ತಿದ್ದೆ. ರೆಮೆಗೆ ಕೂಡ ಗೊತ್ತಿರಲಿಲ್ಲ.

ಬೆನಿತಾ ನನ್ನ ತಂಗಿ, ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಪ್ಪ ಸತ್ತ ವರ್ಷ, ಮಕ್ಕಳಿಲ್ಲದ ಚಿಕ್ಕಪ್ಪ ಚಿಕ್ಕಮ್ಮ ಫ್ರಾನ್ಸಿಗೆ ಹೊರಟಾಗ ಅವಳನ್ನು ಜೊತೆಗೆ ಕರೆದುಕೊಂಡು ಹೋದರು. ಅವಳಿಗೆ ಆರು. ರೈಲು ನಿಲ್ದಾಣದಲ್ಲಿ ನನ್ನ ಲಂಗ ಹಿಡಿದುಕೊಂಡು ಬಿಡಲೇ ಇಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನೇ. "ದ್ರಾಕ್ಷಿ ಕೊಯ್ಲಿಗೆ ವಾಪಸ್ ಬರ್ತೀಯ ಕಣೇ, ಪುಟ್ಟಿ" ಎಂದೆ. ಸುಳ್ಳೆಂದು ನನಗೆ ಗೊತ್ತಿತ್ತು. ಅಮ್ಮ ಇರುವವರೆಗೆ ಕಾಗದಗಳು ಬಂದವು, ಪಾದ್ರಿ ಓದಿ ಹೇಳುತ್ತಿದ್ದರು. ಅಮ್ಮನ ಜೊತೆಗೆ ಅವೂ ಹೋದವು. ನಾನು ಬರೆಯಿಸಬಹುದಿತ್ತು. ಇನ್ನೊಬ್ಬರ ಕೈಯಿಂದ ಏನು ಬರೆಯಿಸುವುದೆಂದು ಸುಮ್ಮನಾದೆ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಸೆಪ್ಟೆಂಬರಿನಲ್ಲಿ ಫ್ರೆಂಚರ ಒಂದು ಗುಂಪು ಬಂತು. ಬಾಗಿಲು ತಟ್ಟಿದವಳು ಕಪ್ಪು ಕನ್ನಡಕದ ಹೆಂಗಸು, ಬಾಬ್ ಕೂದಲು. ಬಾಯಿ ಬಿಡದೆ ಚೀಟಿ ಚಾಚಿದಳು. ನಾನು ಎಂದಿನಂತೆ ಅದನ್ನು ಬೆಳಕಿಗೆ ಹಿಡಿದೆ. ಅವಳು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡುತ್ತ ನಿಂತಳು. ಇವಳೇನು ಹೀಗೆ ನೋಡುತ್ತಾಳೆ, ನನಗೆ ಓದು ಬಾರದೆಂದು ತಿಳಿದುಬಿಟ್ಟಿತೇನೋ ಎಂದು ನನಗೆ ಪುಕುಪುಕು. ಅದಕ್ಕೇ ಇನ್ನಷ್ಟು ಹೊತ್ತು ಹಿಡಿದು, ಇನ್ನಷ್ಟು ತುಟಿ ಅಲ್ಲಾಡಿಸಿದೆ. ಆಮೇಲೆ ಡಬ್ಬಿಗೆ ಹಾಕಿ ಹೇಳಿದೆ:

"ಎಡಕ್ಕೆ ಎರಡು ಸುತ್ತು ತಿರುಗಿಸಿ, ಭುಜ ಕೊಟ್ಟು ನೂಕಿ. ಒಳಗೆ ಹೋದ ಮೇಲೆ ಬಾಗಿಲು ಹಾಕ್ಕೊಳ್ಳಿ, ಪಾರಿವಾಳ ನುಗ್ತವೆ."

ನನ್ನ ತಂಗಿಗೆ ನಾನು ಹೇಳಿದ ಕೊನೆಯ ಮಾತು ಇದು. ಪಾರಿವಾಳದ ಮಾತು.

ಬೀಗದಕೈ ಮರಳಿಸಿದವನು ಗುಂಪಿನ ಬೇರೊಬ್ಬ ಗಂಡಸು, ಚೀಟಿಯನ್ನೂ ಅವನೇ ತೆಗೆದುಕೊಂಡು ಹೋದ. ಸಂಜೆ ರೆಮೆ, "ಆ ಫ್ರೆಂಚಮ್ಮ ಅಳ್ತಾ ಹೋದ್ಲು ಕಣೇ. ಭಕ್ತಿ ಅಂದ್ರೆ ಅದು. ನಾವೂ ಇದೀವಿ, ಪೂಜೆ ಹೊತ್ತಲ್ಲಿ ಆಕಳಿಸ್ಕೊಂಡು" ಎಂದಿದ್ದಳು. ಇಬ್ಬರೂ ನಕ್ಕಿದ್ದೆವು.

ಹನ್ನೆರಡು ವರ್ಷದ ಮೇಲೆ ರಾತ್ರಿ ಶಾಲೆಗೆ ಸೇರಿದೆ. ಲೆಕ್ಕ ಕಲಿಯುವುದಕ್ಕೆ ಎಂದು ರೆಮೆಗೆ ಹೇಳಿದ್ದೆ. ಮೊದಲ ಚಳಿಗಾಲದಲ್ಲಿ ಅಕ್ಷರ, ಎರಡನೆಯದರಲ್ಲಿ ವಾಕ್ಯ. ಬರೆದದ್ದೇನು ಸಿಕ್ಕಿದರೂ ದಿನಕ್ಕೊಂದು ಪುಟ ಓದಿ ಎಂದರು ಮೇಷ್ಟ್ರು. ನನ್ನ ಬಳಿ ಇದ್ದದ್ದು ಇಗರ್ಜಿಗೆ ಬಂದವರು ಬರೆದಿಟ್ಟು ಹೋಗುವ ಪುಸ್ತಕಗಳು. "ಕಮಾನು ಬಹಳ ಚೆನ್ನಾಗಿದೆ", "ಒಳಗೆ ತುಂಬಾ ಚಳಿ", ಇಂಥವೇ. ಬೆರಳಿಟ್ಟು ಓದುತ್ತ ಓದುತ್ತ ಒಂದು ಸಂಜೆ ಆ ಪುಟಕ್ಕೆ ಬಂದೆ.

"ಲೆಯೊ, ದ್ರಾಕ್ಷಿ ಕೊಯ್ಲಿಗೆ ಬಂದೆ. ನೀನು ನನ್ನ ಹೆಸರು ಓದಿದೆ, ಬೀಗದಕೈ ಕೊಟ್ಟೆ. ಸರಿ. ಬೆನಿತಾ."

ಊರಿನ ಹೆಸರು ಬರೆಯುವ ಜಾಗದಲ್ಲಿ ತುಲೂಸ್ ಎಂದಷ್ಟೇ ಅಲ್ಲ, ಬೀದಿ, ಮನೆ ನಂಬರು ಎಲ್ಲ ಬರೆದಿದ್ದಳು. ಅಷ್ಟು ನೊಂದವಳು ವಿಳಾಸ ಏಕೆ ಬರೆದಳು? ಆ ಪ್ರಶ್ನೆ ನನ್ನನ್ನು ಏಳು ವರ್ಷ ತಿಂದಿತು.

ಮಾರನೆಯ ದಿನವೇ ಬರೆಯಲು ಕೂತೆ. ಅಪ್ಪನ ಸಾವು, ಅಮ್ಮನ ಕಾಯಿಲೆ, ನನ್ನ ಕಣ್ಣು ಮಂಜು ಎಂದೆಲ್ಲ ನಾಲ್ಕು ಹಾಳೆ. ಹರಿದೆ. ಮತ್ತೆ ಬರೆದೆ, ಮತ್ತೆ ಹರಿದೆ. ಬರೆಯಬೇಕಾದ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಬರೆಯುತ್ತಿದ್ದೆ. ಕೊನೆಗೆ ಆ ಮಾತನ್ನಷ್ಟೇ ಬರೆದು, ಲಕೋಟೆಗೆ ಹಾಕಿ, ಸ್ಟಾಂಪು ಹಚ್ಚಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ಕಳಿಸಲಿಲ್ಲ. ಒಮ್ಮೆ ಬಂದವಳು ಇನ್ನೊಮ್ಮೆ ಬಂದಾಳು, ಇಗರ್ಜಿ ನೋಡಬೇಕಾದರೆ ನನ್ನ ಬಾಗಿಲನ್ನೇ ತಟ್ಟಬೇಕು, ಆಗ ಬಾಯಲ್ಲೇ ಹೇಳಿದರಾಯಿತು ಎಂದುಕೊಂಡೆ. ಬಾಗಿಲು ತಟ್ಟಿದಾಗಲೆಲ್ಲ ಓಡಿದೆ. ಪ್ರತಿ ಚೀಟಿಯ ಹೆಸರನ್ನೂ ಎರಡೆರಡು ಸಲ ಓದಿದೆ.

ಅಬಿಲಿಯೊ ಹನ್ನೆರಡಕ್ಕೆ ಸರಿಯಾಗಿ ಬಂದ. "ಏನಮ್ಮ ಲೆಯೊ, ಇವತ್ತಿಂದ ನಿಮಗೆ ಆರಾಮ. ಇನ್ನು ಯಾರೂ ನಿಮ್ಮ ಬಾಗಿಲು ತಟ್ಟೋದಿಲ್ಲ ನೋಡಿ."

"ಹೌದಪ್ಪ" ಎಂದೆ. ತಟ್ಟೆ ಮೊಣಕಾಲ ಮೇಲಿಂದ ಜಾರಿ ಕಡಲೆ ಮೆಟ್ಟಿಲ ತುಂಬ ಚೆಲ್ಲಿತು.

"ನೋಡ್ರಪ್ಪ, ಕಲ್ಲು ಆರಿಸೋ ಕೆಲಸವೂ ಮುಗೀತು" ಎಂದು ರೆಮೆ ಬಗ್ಗಿದಳು. ನನ್ನ ಮುಖ ನೋಡಿ, "ಏನಾಯ್ತೇ? ಒಂದು ತುಂಡು ಕಬ್ಬಿಣಕ್ಕೆ ಇಷ್ಟು ಸಂಕಟವಾ?" ಎಂದಳು.

ಬೀಗದಕೈ ಕೊಟ್ಟೆ, ಪುಸ್ತಕಗಳನ್ನೂ ಕೊಟ್ಟೆ. ಎಡಕ್ಕೆ ಎರಡು ಸುತ್ತು ಎಂದು ಮಾತ್ರ ಹೇಳಲಿಲ್ಲ. ಅವನು ಹೋದ ಮೇಲೆ ರೆಮೆಯ ಪಕ್ಕದಲ್ಲಿ ಕೂತೆ.

"ರೆಮೆ, ಆ ಫ್ರೆಂಚಮ್ಮ ಅತ್ಕೊಂಡು ಹೋದ್ಲು ಅಂದಿದ್ಯಲ್ಲ, ನೆನಪಿದ್ಯಾ? ಅದು ಭಕ್ತಿ ಅಲ್ಲ. ಅವಳು ನಮ್ಮ ಬೆನಿತಾ."

ರೆಮೆ ಕೈಯಲ್ಲಿದ್ದ ಕಡಲೆಯನ್ನು ಹಾಗೇ ಹಿಡಿದುಕೊಂಡಳು. "ಚೀಟಿ ನೋಡಿದ್ಯಲ್ಲೇ ನೀನು!"

"ನೋಡಿದೆ. ಓದಲಿಲ್ಲ. ಆಗ ನನಗೆ ಓದೋಕೆ ಬರ್ತಿರಲಿಲ್ಲ ಕಣೇ. ಪುಸ್ತಕದಲ್ಲಿ ವಿಳಾಸ ಬರೆದು ಹೋಗಿದ್ಲು, ಕಾಗದ ಬರೆದು ಬಿಸ್ಕತ್ತಿನ ಡಬ್ಬಿಯಲ್ಲೇ ಇಟ್ಕೊಂಡಿದೀನಿ."

ಅವಳು ಆ ಕಡಲೆಯನ್ನು ತಟ್ಟೆಗೆ ಹಾಕಿದಳು. ಆಮೇಲೆ, "ಆ ಲಕೋಟೆ ತಾ, ಕತ್ತೆ. ಅಂಚೆಯವನು ಒಂದೂವರೆಗೆ ಪೆಟ್ಟಿಗೆ ಖಾಲಿ ಮಾಡ್ತಾನೆ" ಎಂದಳು.

ಸಾಂತಾ ಕ್ಲಾರಾ ಬೀದಿಯ ಹಳದಿ ಅಂಚೆ ಪೆಟ್ಟಿಗೆಯವರೆಗೆ ಇಬ್ಬರೂ ನಡೆದೆವು. ಮಂಡಿನೋವಿಗೆ ಅವಳು ಮೂರು ಸಲ ನಿಂತಳು, ನಾನು ಮೂರು ಸಲ ನಿಂತು ಕಾದೆ. ಇಪ್ಪತ್ತು ವರ್ಷದ ಹಳೆಯ ವಿಳಾಸ. ಅಲ್ಲಿ ಅವಳಿದ್ದಾಳೋ, ಇದ್ದರೂ ಒಡೆದು ಓದುತ್ತಾಳೋ. ಒಳಗಿರುವುದು ಎರಡೇ ಸಾಲು: ಅವತ್ತು ನನಗೆ ಓದಲು ಬರುತ್ತಿರಲಿಲ್ಲ, ಬೆನಿತಾ. ಕಲಿತ ಮೇಲೆ ನಿನ್ನ ಹೆಸರು ಓದಿದೆ.

ಲಕೋಟೆಯ ತುದಿಯನ್ನು ಸಂದಿಗೆ ತೂರಿಸಿ ಹಿಡಿದುಕೊಂಡೇ ಇದ್ದೆ. ರೆಮೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅದು ಒಳಗೆ ಬಿದ್ದ ಸದ್ದು ಕೇಳಿಸಿತು.